2147483647: ಅವಿಭಾಜ್ಯವೆಂದು ಕಾಗದದ ಮೇಲೆ ಸಾಧಿಸುವುದು ಹೇಗೆ?

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ 1 ಕಳೆದರೆ ಈ ಸಂಖ್ಯೆ ಸಿಗುತ್ತದೆ: 2³¹ − 1. ಇದು ಅವಿಭಾಜ್ಯ ಎಂಬುದನ್ನು ಲಿಯೊನಾರ್ಡ್ ಆಯ್ಲರ್ 1772ರಲ್ಲಿ ಪತ್ರವೊಂದರಲ್ಲಿ ತಿಳಿಸಿದರು. ಆಗ ಅವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಅವರು ಮಾಡಿದ ಲೆಕ್ಕವನ್ನು ಇಂದು ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವುದೇ ಪ್ರೌಢಶಾಲೆಯ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಮತ್ತೆ ಮಾಡಬಹುದು. ಹೇಗೆಂದು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಬೇಕಾಗುವುದು ಒಂದು ಉದ್ದ ನೋಟ್‌ಬುಕ್, ಹತ್ತಕ್ಕಿಂತ ಹೆಚ್ಚು ಅಂಕಿ ತೋರಿಸುವ ಸಾಧಾರಣ ಕ್ಯಾಲ್ಕುಲೇಟರ್, ಜೊತೆಗೆ ನಾಲ್ಕಾರು ಮಂದಿ ಗೆಳೆಯರು. ಬೇಸಿಗೆ ರಜೆ ಇದಕ್ಕೆ ಒಳ್ಳೆಯ ಕಾಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಹೋಗುವಂತಿಲ್ಲ. ಮೊಬೈಲ್‌ನಲ್ಲಿ ಸಂಖ್ಯೆ ಹಾಕಿದರೆ ಕ್ಷಣದಲ್ಲಿ ‘ಅವಿಭಾಜ್ಯ’ ಎಂದು ಉತ್ತರ ಬರುತ್ತದೆ, ನಿಜ. ಆದರೆ ಆ ಉತ್ತರವನ್ನು ಒಪ್ಪಿಕೊಳ್ಳಬಹುದೇ ಹೊರತು, ಅದರಲ್ಲಿ ಕಾರಣ ಇರುವುದಿಲ್ಲ. ದೊಡ್ಡ ಅವಿಭಾಜ್ಯ ಸಂಖ್ಯೆಯ ಸೊಗಸು ಇರುವುದೇ ಕಾರಣದಲ್ಲಿ. ಅಪವರ್ತನಗಳನ್ನು ಎಲ್ಲಿ ಹುಡುಕಬೇಕಾಗಿಲ್ಲ ಎಂಬುದನ್ನು ಮೊದಲೇ ಸಾಧಿಸಿಬಿಟ್ಟರೆ ಸಾವಿರಾರು ಭಾಗಾಕಾರಗಳು ಕೆಲವೇ ಹತ್ತುಗಳಿಗೆ ಇಳಿಯುತ್ತವೆ.

ಮೊದಲ ಹಂತ: ನಿಮ್ಮ ಊರಿನ ಪಿನ್ ಕೋಡ್

ಹತ್ತು ಅಂಕಿಗಳಿಗೆ ಕೈ ಹಾಕುವ ಮೊದಲು ಆರು ಅಂಕಿಗಳಲ್ಲಿ ಪಳಗಿರಿ. ಬಳ್ಳಾರಿಯ ಪಿನ್ ಕೋಡ್ 583101. ಅಂಕಿಗಳನ್ನು ಕೂಡಿಸಿದರೆ 18. ಅದು 9ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ, ಉಳಿಯುವುದು 64789. ಇದು ಸುಲಭಕ್ಕೆ ಬಗ್ಗುವುದಿಲ್ಲ. 67ರವರೆಗೆ ಒಂದೊಂದಾಗಿ ಭಾಗಿಸುತ್ತ ಹೋದಾಗ 67 × 967 ಎಂದು ಒಡೆಯುತ್ತದೆ.

ರಾಯಚೂರು 584101, ಕೊಪ್ಪಳ 583231. ಇವೆರಡಕ್ಕೂ ಶಾಲೆಯಲ್ಲಿ ಅಷ್ಟಾಗಿ ಹೇಳಿಕೊಡದ ಒಂದು ಉಪಾಯವಿದೆ. 7 × 11 × 13 = 1001. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದು ಗುಂಪನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋದರೆ 7, 11, 13 ಮೂರರ ಪರೀಕ್ಷೆಯೂ ಒಟ್ಟಿಗೆ ಮುಗಿಯುತ್ತದೆ. ರಾಯಚೂರಿಗೆ 584 − 101 = 483, ಅಂದರೆ 7 × 69. ಹಾಗಾಗಿ 584101 = 7 × 83443. ಕೊಪ್ಪಳಕ್ಕೆ 583 − 231 = 352, ಅಂದರೆ 11 × 32. ಕಳೆಯುವ ಬದಲು ಗುಂಪುಗಳನ್ನು ಕೂಡಿಸಿದರೆ 37ರ ಪರೀಕ್ಷೆಯಾಗುತ್ತದೆ, ಏಕೆಂದರೆ 999 = 27 × 37. ಕೊಪ್ಪಳದಲ್ಲಿ 583 + 231 = 814 = 37 × 22. ಎರಡೂ ಗುರುತು ಒಂದೇ ಸಂಖ್ಯೆಯಲ್ಲಿ ಸಿಕ್ಕವು: 583231 = 11 × 37 × 1433. ದೇವದುರ್ಗದ 584111 ಮತ್ತು ಸಿರುಗುಪ್ಪದ 583121ಕ್ಕೆ ಇದೇ ಉಪಾಯವನ್ನು ನೀವೇ ಹಚ್ಚಿ ನೋಡಿ, ಎರಡೂ ಬಗ್ಗುತ್ತವೆ.

ಈಗ ಮಾನ್ವಿಯ 584123 ತೆಗೆದುಕೊಳ್ಳಿ. ನನಗೆ ಈ ಸಂಖ್ಯೆಯ ಮೇಲೆ ವಿಶೇಷ ಪ್ರೀತಿ, ಏಕೆಂದರೆ ಇದು ಮಕ್ಕಳಿಗೆ ತಾಳ್ಮೆ ಕಲಿಸುತ್ತದೆ. 2, 3, 5, 7, 11, 13 ಯಾವುದಕ್ಕೂ ಇದು ಭಾಗವಾಗುವುದಿಲ್ಲ. ನೂರರವರೆಗೆ ಹೋದರೂ ಇಲ್ಲ, ಇನ್ನೂರರವರೆಗೆ ಹೋದರೂ ಇಲ್ಲ. ಅಷ್ಟರಲ್ಲಿ ‘ಇದು ಅವಿಭಾಜ್ಯವೇ ಇರಬೇಕು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಲ್ಲಿ ನಿಲ್ಲಬೇಕು ಎಂಬ ನಿಯಮ ಇಲ್ಲಿ ಬೇಕಾಗುತ್ತದೆ. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. ಹಾಗಿದ್ದರೆ ಗುಣಲಬ್ಧವೇ ಮೀರಿಹೋಗುತ್ತದೆ. 584123ರ ವರ್ಗಮೂಲ 764ಕ್ಕಿಂತ ತುಸು ಹೆಚ್ಚು. ಆದ್ದರಿಂದ 764ರೊಳಗಿನ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಬೇಕು, ಆದರೆ ಎಲ್ಲವನ್ನೂ ಪರೀಕ್ಷಿಸಬೇಕು. ಅವು ಒಟ್ಟು 135.

ಆ ಪಟ್ಟಿಯನ್ನು ತಯಾರಿಸಲು ಎರಟೋಸ್ತನೀಸನ ಜರಡಿ ಸಾಕು: 2ರಿಂದ 764ರವರೆಗೆ ಬರೆದು 2ರ ಅಪವರ್ತ್ಯ, 3ರ ಅಪವರ್ತ್ಯ ಎಂದು ಹೊಡೆದು ಹಾಕುತ್ತ ಹೋಗುವುದು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನುಚ್ಚು ಕೆಳಗೆ ಉದುರಿ ಇಡೀ ಕಾಳು ಮೇಲೆ ನಿಲ್ಲುವ ಹಾಗೆ ಕೊನೆಗೆ ಅವಿಭಾಜ್ಯಗಳು ಉಳಿಯುತ್ತವೆ. ನಲವತ್ತೈದು ಮಕ್ಕಳ ತರಗತಿಯಾದರೆ ತಲೆಗೆ ಮೂರರಂತೆ ಹಂಚಿ. ಒಬ್ಬರ ಪಾಲಿಗೆ 263 ಬಂದಿರುತ್ತದೆ. ಪಟ್ಟಿಯಲ್ಲಿ ಅದು ಐವತ್ತಾರನೆಯದು. ಆ ಮಗು ಎದ್ದು ನಿಲ್ಲುತ್ತದೆ: 263 × 2221 = 584123. ನೂರ ಮೂವತ್ತೈದರಲ್ಲಿ ಉಳಿದವರೆಲ್ಲ ಶೇಷ ಬಂತು ಎಂದಾಗಲೂ ಒಬ್ಬರ ಒಂದೇ ಭಾಗಾಕಾರ ತೀರ್ಪನ್ನು ತಿರುಗಿಸುತ್ತದೆ. ಅವಿಭಾಜ್ಯ ಎನ್ನಲು ಒಂದನ್ನೂ ಬಿಡದೆ ಪರೀಕ್ಷಿಸಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಬೇರೆ ಉದಾಹರಣೆಯಿಂದ ಹೇಳಲಾರೆ.

ಎರಡನೆಯ ಹಂತ: ನೇರ ದಾರಿ ಏಕೆ ಉದ್ದ

ಇದೇ ವಿಧಾನವನ್ನು 2147483647ಕ್ಕೆ ಹಚ್ಚೋಣ. 46340ರ ವರ್ಗ 2147395600. 46341ರ ವರ್ಗ ನಮ್ಮ ಸಂಖ್ಯೆಯನ್ನು ದಾಟುತ್ತದೆ. ಆದ್ದರಿಂದ 46340ರವರೆಗೆ ಹೋಗಬೇಕು. ಅದರೊಳಗೆ 4792 ಅವಿಭಾಜ್ಯಗಳಿವೆ. ಇಡೀ ಶಾಲೆ ಕೂತರೂ ವಾರಗಟ್ಟಲೆ ಹಿಡಿಯುವ ಕೆಲಸ, ತಪ್ಪುಗಳಿಗೂ ಲೆಕ್ಕವಿರುವುದಿಲ್ಲ. ಬೇರೆ ದಾರಿ ಬೇಕು.

ಮೂರನೆಯ ಹಂತ: ದ್ವಿಗುಣದ ಸುತ್ತು

ಇಡೀ ಲೇಖನದ ಜೀವ ಇಲ್ಲಿದೆ. ನಿಧಾನವಾಗಿ ಓದಿ, ಪೆನ್ಸಿಲ್ ಕೈಯಲ್ಲಿರಲಿ.

23 ಎಂಬ ಅವಿಭಾಜ್ಯವನ್ನು ತೆಗೆದುಕೊಳ್ಳಿ. 1ರಿಂದ ಶುರು ಮಾಡಿ ಪ್ರತಿ ಬಾರಿ ದ್ವಿಗುಣ ಮಾಡಿ; 23 ದಾಟಿದರೆ 23 ಕಳೆದು ಶೇಷವನ್ನಷ್ಟೇ ಇಟ್ಟುಕೊಳ್ಳಿ. 1, 2, 4, 8, 16, 9, 18, 13, 3, 6, 12, ಮತ್ತೆ 1. ಹನ್ನೊಂದು ಹೆಜ್ಜೆಗೆ ಸುತ್ತು ಮುಗಿಯಿತು. ಅಂದರೆ 2¹¹ನ್ನು 23ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ 2¹¹ − 1, ಅಂದರೆ 2047, 23ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹೌದು, 2047 = 23 × 89.

1640ರಲ್ಲಿ ಪಿಯರ್ ಡಿ ಫರ್ಮಾ ಒಂದು ಪತ್ರದಲ್ಲಿ ತಿಳಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. 2ನ್ನು ಬಿಟ್ಟು ಯಾವುದೇ ಅವಿಭಾಜ್ಯವನ್ನು ಹಿಡಿದರೂ, ಅದಕ್ಕಿಂತ ಒಂದು ಕಡಿಮೆ ಹೆಜ್ಜೆಗಳಲ್ಲಿ ದ್ವಿಗುಣದ ಆಟ ಖಂಡಿತ 1ಕ್ಕೆ ಬಂದಿರುತ್ತದೆ. 23ಕ್ಕೆ 22 ಹೆಜ್ಜೆ. ಸುತ್ತು ಹನ್ನೊಂದಕ್ಕೇ ಮುಗಿದರೆ 22ರಲ್ಲಿ ಅದು ಎರಡು ಬಾರಿ ಮುಗಿದಿದೆ ಎಂದರ್ಥ. ಸುತ್ತಿನ ಉದ್ದ ಯಾವಾಗಲೂ ‘ಒಂದು ಕಡಿಮೆ’ ಸಂಖ್ಯೆಯನ್ನು ಭಾಗಿಸುತ್ತದೆ.

ಈಗ ನಮ್ಮ ಸಂಖ್ಯೆಗೆ ಬನ್ನಿ. ಯಾವುದೋ ಒಂದು ಅವಿಭಾಜ್ಯ 2³¹ − 1ನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ ಅದರ ದ್ವಿಗುಣದ ಆಟ 31ನೇ ಹೆಜ್ಜೆಗೆ 1ಕ್ಕೆ ಮರಳಬೇಕು. ಅದಕ್ಕೆ ಮೊದಲೇ ಸುತ್ತು ಮುಗಿದಿರಬಹುದೇ? ಮುಗಿದಿದ್ದರೆ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಸ್ವತಃ ಅವಿಭಾಜ್ಯ. ಅದನ್ನು ಭಾಗಿಸುವವು 1 ಮತ್ತು 31 ಮಾತ್ರ. ಒಂದೇ ಹೆಜ್ಜೆಗೆ 2 ಹೋಗಿ 1 ಆಗುವುದಿಲ್ಲ. ಆದ್ದರಿಂದ ಸುತ್ತಿನ ಉದ್ದ ಸರಿಯಾಗಿ 31. ಫರ್ಮಾ ನಿಯಮದಂತೆ ಆ ಅವಿಭಾಜ್ಯದಿಂದ 1 ಕಳೆದರೆ ಉಳಿಯುವುದು 31ರ ಅಪವರ್ತ್ಯವಾಗಿರಬೇಕು. ಅವಿಭಾಜ್ಯ ಬೆಸವಾಗಿರುವುದರಿಂದ ಅದು ಸಮಸಂಖ್ಯೆಯೂ ಹೌದು. ಅಂದರೆ 62ರ ಅಪವರ್ತ್ಯ. ಹೀಗೆ 2147483647ನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು.

ನಾವು ಇನ್ನೂ ಒಂದೇ ಒಂದು ಭಾಗಾಕಾರ ಮಾಡಿಲ್ಲ. ಆದರೂ 3, 5, 7 ಮೊದಲಾಗಿ ಸಾವಿರಾರು ಅವಿಭಾಜ್ಯಗಳು ಪಟ್ಟಿಯಿಂದ ಹೊರಬಿದ್ದಿವೆ.

ಇನ್ನೊಂದು ಸೋಸುವಿಕೆ ಉಳಿದಿದೆ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂದರೆ 2¹⁶ರ ವರ್ಗ. ಹೀಗೆ ಆ ಅವಿಭಾಜ್ಯದ ಲೆಕ್ಕದಲ್ಲಿ 2 ಒಂದು ವರ್ಗದ ಶೇಷವಾಗುತ್ತದೆ. ಇಂಥ ಗುಣವಿರುವ ಬೆಸ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರುತ್ತದೆ ಎಂಬುದು ಸಂಖ್ಯಾಸಿದ್ಧಾಂತದ ಪ್ರಸಿದ್ಧ ಪ್ರಮೇಯ. ಅದರ ಸಾಧನೆ ಪದವಿ ತರಗತಿಯದು. ಇಲ್ಲಿ ಒಪ್ಪಿಕೊಂಡು ಮುಂದೆ ಹೋಗೋಣ. 62ರ ನಿಯಮ, 8ರ ನಿಯಮ ಎರಡನ್ನೂ ಸೇರಿಸಿದರೆ 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರುವ ಅವಿಭಾಜ್ಯಗಳು ಮಾತ್ರ ಉಳಿಯುತ್ತವೆ. ಆಯ್ಲರ್ ಹಿಡಿದದ್ದು ಇದೇ ಎರಡು ಸಾಲುಗಳನ್ನು.

ನಾಲ್ಕನೆಯ ಹಂತ: ಎರಡು ಕಾಲಂ, ಎಂಬತ್ತರಷ್ಟು ಭಾಗಾಕಾರ

ನೋಟ್‌ಬುಕ್‌ನ ಪುಟದಲ್ಲಿ ಎರಡು ಕಾಲಂ ಎಳೆಯಿರಿ. ಎಡಕ್ಕೆ 249, 497, 745, 993, 1241, 1489 ಎಂದು 248 ಕೂಡಿಸುತ್ತ ಹೋಗಿ. ಬಲಕ್ಕೆ 311, 559, 807, 1055, 1303, 1551. ಹೀಗೆ 46340 ದಾಟುವವರೆಗೆ ಬರೆದರೆ ಒಂದೊಂದು ಕಾಲಂನಲ್ಲಿ 186, ಒಟ್ಟು 372 ಸಂಖ್ಯೆಗಳು. ಕೊನೆಯ ಸಾಲಿನಲ್ಲಿ 46129 ಮತ್ತು 46191 ಬಂದರೆ ಕೂಡಿಕೆ ಸರಿಯಾಗಿದೆ.

ಇವುಗಳಲ್ಲಿ ಅವಿಭಾಜ್ಯವಲ್ಲದವನ್ನು ಹೊಡೆದು ಹಾಕಿ. 249 ಹೋಯಿತು, 3ರಿಂದ ಭಾಗವಾಗುತ್ತದೆ. 497 = 7 × 71, 559 = 13 × 43, 1241 = 17 × 73. ಮೇಲಿನ ಹನ್ನೆರಡರಲ್ಲಿ ಉಳಿಯುವುದು 311, 1303, 1489 ಮೂರೇ. ಪೂರ್ತಿ ಪಟ್ಟಿಯಲ್ಲಿ ಸುಮಾರು ಎಂಬತ್ತು ಉಳಿಯುತ್ತವೆ. ಹೊಡೆದು ಹಾಕುವಾಗ ಸಂಶಯ ಬಂದ ಸಂಖ್ಯೆಯನ್ನು ಹಾಗೆಯೇ ಬಿಡಿ. ಅನಗತ್ಯವಾಗಿ ಒಂದು ಭಾಗಾಕಾರ ಮಾಡಿದರೆ ನಷ್ಟವಿಲ್ಲ, ಬೇಕಾದುದನ್ನು ಬಿಟ್ಟರೆ ಸಾಧನೆಯೇ ಬಿದ್ದುಹೋಗುತ್ತದೆ.

ಭಾಗಾಕಾರದ ಕ್ರಮ ಹೀಗಿರಲಿ. ಕ್ಯಾಲ್ಕುಲೇಟರ್‌ನಲ್ಲಿ 2147483647 ÷ 311 ಮಾಡಿ ದಶಮಾಂಶ ಬಿಂದುವಿನ ಮೊದಲಿನ ಭಾಗವನ್ನಷ್ಟೇ ಬರೆದುಕೊಳ್ಳಿ: 6905092. ಅದನ್ನು 311ರಿಂದ ಗುಣಿಸಿದರೆ 2147483612. ಮೂಲದಿಂದ ಕಳೆದರೆ ಶೇಷ 35. ಹಾಗೆಯೇ 1303ಕ್ಕೆ ಭಾಗಲಬ್ಧ 1648107, ಶೇಷ 226. 1489ಕ್ಕೆ ಭಾಗಲಬ್ಧ 1442232, ಶೇಷ 199.

ಪ್ರತಿ ಸಾಲಿಗೂ 9ರ ತಾಳೆ ನೋಡಿ. 2147483647ರ ಅಂಕಿಗಳ ಮೊತ್ತ 46, ಮತ್ತೆ ಕೂಡಿಸಿದರೆ 10, ಕೊನೆಗೆ 1. 311ರದು 5, 6905092ರದು 31, ಅಂದರೆ 4. 5 × 4 = 20, ಅಂದರೆ 2. ಶೇಷ 35ರದು 8. 2 + 8 = 10, ಅಂದರೆ 1. ತಾಳೆಯಾಯಿತು. ಈ ತಾಳೆ ಎಲ್ಲ ತಪ್ಪುಗಳನ್ನೂ ಹಿಡಿಯುವುದಿಲ್ಲ, ಅಂಕಿಗಳು ಅದಲುಬದಲಾದರೆ ಅದಕ್ಕೆ ತಿಳಿಯದು. ಆದ್ದರಿಂದ ಒಂದು ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ಶೇಷ ಹೋಲಿಸುವುದು ಒಳ್ಳೆಯದು. ಯಾವ ಸಾಲಿನಲ್ಲೂ ಶೇಷ ಸೊನ್ನೆ ಬರದೆ ಪಟ್ಟಿ ಮುಗಿದ ಕ್ಷಣ 2147483647 ಅವಿಭಾಜ್ಯವೆಂದು ನೀವೇ ಸಾಧಿಸಿದ್ದೀರಿ.

ಇದೇ ನಿಯಮ ಎಡವಿದವರನ್ನೂ ಹಿಡಿಯುತ್ತದೆ. 1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ ಕೊಟ್ಟ ಪಟ್ಟಿಯಲ್ಲಿ 2⁶⁷ − 1 ಕೂಡ ಅವಿಭಾಜ್ಯವೆಂದು ಸೇರಿತ್ತು. 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಅದನ್ನು 193707721 × 761838257287 ಎಂದು ಒಡೆದು ತೋರಿಸಿದರು. 193707721ನ್ನು 67ರ ಎರಡರಷ್ಟಾದ 134ರಿಂದ ಭಾಗಿಸಿ ನೋಡಿ. ಶೇಷ 1.

ಐದನೆಯ ಹಂತ: ಭಾಗಿಸದೆಯೇ ತಿಳಿಯುವ ಪರೀಕ್ಷೆ

ಫರ್ಮಾ ನಿಯಮವನ್ನೇ ತಿರುಗಿಸಿ, ಒಂದು ಕಡಿಮೆ ಹೆಜ್ಜೆಗೆ 1 ಬಂದರೆ ಸಂಖ್ಯೆ ಅವಿಭಾಜ್ಯ ಎನ್ನಬಹುದಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳುತ್ತಾನೆ. ಹಾಗೆನ್ನಲಾಗದು. 341 = 11 × 31; ಆದರೆ 2¹⁰ = 1024 = 3 × 341 + 1. ಹತ್ತು ಹೆಜ್ಜೆಗೆ 1 ಬಂದುದರಿಂದ 340 ಹೆಜ್ಜೆಗೂ 1 ಬರುತ್ತದೆ. ಅವಿಭಾಜ್ಯವಲ್ಲದ ಸಂಖ್ಯೆ ಪರೀಕ್ಷೆ ಪಾಸಾಯಿತು. 2ರ ಬದಲು ಬೇರೆ ಸಂಖ್ಯೆ ಇಟ್ಟು 341ನ್ನು ಹಿಡಿಯಬಹುದು. ಆದರೆ 561 = 3 × 11 × 17 ಹಾಗೂ ರಾಮಾನುಜನ್ ಹೆಸರಿನೊಂದಿಗೆ ಎಲ್ಲರೂ ಬಲ್ಲ 1729 = 7 × 13 × 19 ಅಂಥವಕ್ಕೂ ಜಗ್ಗುವುದಿಲ್ಲ; ತಮ್ಮೊಡನೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆಯನ್ನಿಟ್ಟರೂ ಅವು ಪಾಸಾಗುತ್ತವೆ.

2ರ ಘಾತಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಗಳಿಗೆ ಮೋಸವಿಲ್ಲದ ಪರೀಕ್ಷೆಯಿದೆ. ಫ್ರಾನ್ಸಿನ ಎದುವಾರ್ ಲ್ಯೂಕಾ ಕಂಡುಹಿಡಿದು, ಅಮೆರಿಕದ ಡಿ. ಎಚ್. ಲೆಹ್ಮರ್ ತಿದ್ದಿದ್ದು. 4ರಿಂದ ಶುರು ಮಾಡಿ. ಪ್ರತಿ ಸುತ್ತಿನಲ್ಲಿ ವರ್ಗ ಮಾಡಿ 2 ಕಳೆದು ಶೇಷ ಇಟ್ಟುಕೊಳ್ಳಿ. ಘಾತಸೂಚಿಗಿಂತ ಎರಡು ಕಡಿಮೆ ಸುತ್ತುಗಳಾದಾಗ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

2⁷ − 1 = 127ಕ್ಕೆ ಐದು ಸುತ್ತು. 4ರ ವರ್ಗ 16, 2 ಕಳೆದರೆ 14. 14ರ ವರ್ಗದಿಂದ 2 ಕಳೆದರೆ 194, ಶೇಷ 67. ಮುಂದಿನದು 4487. ಇಲ್ಲಿ 127ರಿಂದ ಭಾಗಿಸುವ ಬದಲು 128ರಿಂದ ಭಾಗಿಸಿ ಭಾಗಲಬ್ಧವನ್ನೂ ಶೇಷವನ್ನೂ ಕೂಡಿಸಿ: 4487 = 35 × 128 + 7, ಆದ್ದರಿಂದ 42. ಮತ್ತೆ 42ರ ವರ್ಗದಿಂದ 2 ಕಳೆದರೆ 1762 = 13 × 128 + 98, ಅಂದರೆ 111. ಕೊನೆಗೆ 12319 = 96 × 128 + 31, ಕೂಡಿಸಿದರೆ 127, ಅಂದರೆ ಸೊನ್ನೆ. 127 ಅವಿಭಾಜ್ಯ. ಇದೇ ಆಟವನ್ನು 2047ಕ್ಕೆ ಒಂಬತ್ತು ಸುತ್ತು ಆಡಿದರೆ 14, 194, 788, 701, 119, 1877, 240, 282, 1736 ಬರುತ್ತವೆ. ಕೊನೆಯದು ಸೊನ್ನೆಯಲ್ಲ, 23 × 89 ಎಂದು ಗೊತ್ತಿಲ್ಲದೆಯೇ 2047 ಒಡೆಯುತ್ತದೆ ಎಂಬುದು ತಿಳಿಯಿತು. ಅಪವರ್ತನವನ್ನು ತೋರಿಸದೆ ಅದು ಇದೆ ಎಂದು ಸಾಧಿಸುವ ಈ ಗುಣ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

2³¹ − 1ಕ್ಕೆ 29 ಸುತ್ತು ಸಾಕು. ಆದರೆ ವರ್ಗಗಳು ಹತ್ತೊಂಬತ್ತು ಅಂಕಿಗಳವರೆಗೆ ಬೆಳೆಯುತ್ತವೆ. ಕಂಪ್ಯೂಟರ್‌ನ ಸ್ಪ್ರೆಡ್‌ಶೀಟ್ ಹದಿನೈದು ಅಂಕಿಗಳ ಆಚೆ ನಿಖರವಾಗಿರುವುದಿಲ್ಲ, ಸಾಧಾರಣ ಕ್ಯಾಲ್ಕುಲೇಟರ್ ಅದಕ್ಕೂ ಮೊದಲೇ ಕೈಬಿಡುತ್ತದೆ. ಸಂಖ್ಯೆಯನ್ನು ಎರಡು ತುಂಡು ಮಾಡಿ, ಬೀಜಗಣಿತದ (ಅ + ಬ)² ಸೂತ್ರದಿಂದ ವರ್ಗ ಮಾಡಿ ಕಾಗದದ ಮೇಲೆ ಕೂಡಿಸಿ.

ಈ ಸಂಖ್ಯೆ ಎಲ್ಲೆಲ್ಲಿ ಸಿಗುತ್ತದೆ

ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದು ಸಾಲಾಗಿ ಮೂವತ್ತೊಂದು 1ಗಳು. 32 ಬಿಟ್‌ಗಳಲ್ಲಿ ಧನ, ಋಣ ಎರಡನ್ನೂ ಇಡುವ ಕಂಪ್ಯೂಟರ್‌ಗೆ ಇದೇ ಅತಿದೊಡ್ಡ ಸಂಖ್ಯೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಹಳೆಯ ವ್ಯವಸ್ಥೆಗಳು 2038ರ ಜನವರಿ 19, ಮಂಗಳವಾರ ಬೆಳಿಗ್ಗೆ ನಮ್ಮ ಗಡಿಯಾರದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆಯನ್ನು ಮುಟ್ಟುತ್ತವೆ. ಮುಂದಿನ ಸೆಕೆಂಡನ್ನು ಅವು ಎಣಿಸಲಾರವು.

ಇದನ್ನು 2³⁰ರಿಂದ ಗುಣಿಸಿದರೆ 2305843008139952128 ಎಂಬ ಪರಿಪೂರ್ಣ ಸಂಖ್ಯೆ ಬರುತ್ತದೆ. ಅದನ್ನು ಬಿಟ್ಟು ಅದರ ಉಳಿದ ಅಪವರ್ತನಗಳನ್ನೆಲ್ಲ ಕೂಡಿಸಿದರೆ ಅದೇ ಸಂಖ್ಯೆ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ, ಇಂಥವು ಕುತೂಹಲಕ್ಕಷ್ಟೇ ಹೊರತು ಉಪಯೋಗಕ್ಕಲ್ಲ, ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಿಕ್ಕಿಲ್ಲ ಎಂಬರ್ಥದಲ್ಲಿ ಬರೆದರು. 1876ರಲ್ಲೇ ಲ್ಯೂಕಾ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ತೋರಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನೇ ಗುಪ್ತಲಿಪಿಯ ಬೀಗವಾಗಿಸಿದರು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಯಾವುದೇ ಸಂಖ್ಯೆಯನ್ನು ಊಹೆಗೆ ಎಡೆಯಿಲ್ಲದೆ, ಅಂಕಿಗಳ ಸಂಖ್ಯೆಗೆ ಅನುಗುಣವಾದ ಮಿತ ಸಮಯದಲ್ಲಿ ಪರೀಕ್ಷಿಸುವ ವಿಧಾನ ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2ರ 13,62,79,841ನೇ ಘಾತಕ್ಕಿಂತ ಒಂದು ಕಡಿಮೆಯ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ.

ಎರಡು ಕಾಲಂಗಳ ಕೆಲಸ ಮುಗಿಸಿದವರು ಮುಂದೆ 2⁶¹ − 1ಕ್ಕೆ ಹೋಗಬಹುದು. 1883ರಲ್ಲಿ ರಷ್ಯಾದ ಪಾದ್ರಿ ಇವಾನ್ ಪೆರ್ವುಶಿನ್ ಅದನ್ನು ಅವಿಭಾಜ್ಯವೆಂದು ಸಾಧಿಸಿದರು. ಅಲ್ಲಿ ಆಯ್ಲರ್ ದಾರಿ ಸಾಲದು: ಕಾಲಂಗಳು 488ರ ಜಿಗಿತದಲ್ಲಿ ಸಾಗಿದರೂ ಸುಮಾರು 62 ಲಕ್ಷ ಸಂಖ್ಯೆ ಬರೆಯಬೇಕಾಗುತ್ತದೆ. ಲ್ಯೂಕಾ ದಾರಿಯಲ್ಲಾದರೆ 59 ಸುತ್ತು. ವರ್ಗಗಳು 37 ಅಂಕಿಗಳವರೆಗೆ ಹೋಗುತ್ತವೆ. ನಾಲ್ವರ ತಂಡ ಮಾಡಿ, ಇಬ್ಬರು ಗುಣಿಸಲಿ, ಇಬ್ಬರು 9ರ ತಾಳೆಯನ್ನೂ 11ರ ತಾಳೆಯನ್ನೂ (ಬಲದಿಂದ ಒಂದು ಅಂಕಿ ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋಗಿ, ಬಂದುದನ್ನು 11ರಿಂದ ಭಾಗಿಸಿದ ಶೇಷ) ನೋಡಲಿ. ಒಂದು ಸುತ್ತು ತಾಳೆಯಾಗುವವರೆಗೆ ಮುಂದಿನ ಸುತ್ತಿಗೆ ಕೈ ಹಾಕಬೇಡಿ.